ಟ್ರಾಕ್ಟರ್‌ಗೆ ಯಾವ ಆಯಿಲ್? ಹಾಕಿದ ಮೇಲೆ ಪರೀಕ್ಷೆ ಮಾಡೋದು ಹೇಗೆ?

ಮುಂಗಾರು ಹತ್ತಿರ ಬಂತು ಅಂದ್ರೆ ಟ್ರಾಕ್ಟರ್ ಇರುವ ಹುಡುಗರಿಂದ ಆಯಿಲ್ ಪ್ರಶ್ನೆಗಳು ಶುರುವಾಗುತ್ತವೆ. ಈ ಸಲ ಜಾಸ್ತಿ ಬಂದ ಪ್ರಶ್ನೆ ಇದು: "ರೇಸ್ ಕಾರಿಗೆ ಹಾಕೋ ಫುಲ್ ಸಿಂಥೆಟಿಕ್ ಆಯಿಲ್ ಅಂತ ರೀಲ್ಸ್‌ನಲ್ಲಿ ತೋರಿಸ್ತಾರಲ್ಲ, ಅದನ್ನೇ ಟ್ರಾಕ್ಟರ್‌ಗೆ ಹಾಕಿದ್ರೆ ಇಂಜಿನ್ ಇನ್ನೂ ಜಾಸ್ತಿ ವರ್ಷ ಬಾಳಿಕೆ ಬರಲ್ವಾ?"

ಬರಲ್ಲ. ಆದರೆ ಪ್ರಶ್ನೆ ದಡ್ಡತನದ್ದಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲೋ ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲೋ ಓಡುವ ಕಾರಿನ ಇಂಜಿನ್ ನಿಮಿಷಕ್ಕೆ ಆರೇಳು ಸಾವಿರ ಸುತ್ತು ಸುತ್ತುತ್ತದೆ. ಆಯಿಲ್ ವಿಪರೀತ ಕಾಯುತ್ತದೆ. ಆದರೆ ಓಟ ಇಪ್ಪತ್ತು-ಮೂವತ್ತು ನಿಮಿಷದ್ದು, ರಸ್ತೆ ಸ್ವಚ್ಛ, ಮತ್ತು ಕೆಲವು ಓಟ ಮುಗಿದ ಕೂಡಲೇ ಆ ಆಯಿಲನ್ನು ಇಳಿಸಿಬಿಡುತ್ತಾರೆ. ಹಾಗಾಗಿ ಅಪ್ಪಟ ರೇಸಿಂಗ್ ಆಯಿಲ್‌ಗಳಲ್ಲಿ ಇಂಜಿನ್ ತೊಳೆಯುವ ರಾಸಾಯನಿಕ ಕಡಿಮೆ ಇರುತ್ತದೆ. ನೂರಾರು ಗಂಟೆ ಬಾಳೋದು ಅದರ ಕೆಲಸವೇ ಅಲ್ಲ. ನಮ್ಮ ಟ್ರಾಕ್ಟರ್ ಎರಡು ಸಾವಿರ ಚಿಲ್ಲರೆ ಸುತ್ತಿನಲ್ಲಿ, ರೋಟಾವೇಟರ್ ಎಳೆಯುತ್ತಾ, ಕೆಂಪು ಧೂಳಿನ ಮೋಡದೊಳಗೆ ಬೆಳಿಗ್ಗೆಯಿಂದ ಸಂಜೆವರೆಗೆ ದುಡಿಯುತ್ತದೆ. ಡೀಸೆಲ್ ಉರಿದ ಮಸಿ ಆಯಿಲ್‌ಗೆ ಸೇರುತ್ತಲೇ ಇರುತ್ತದೆ. ಅದನ್ನು ಗಂಟು ಕಟ್ಟಲು ಬಿಡದೆ ಹೊತ್ತುಕೊಂಡು ತಿರುಗುವ ಆಯಿಲ್ ನಮಗೆ ಬೇಕು.

ರೇಸಿನವರಿಂದ ಕಲಿಯಬೇಕಾದ್ದು ಬೇರೆಯೇ ಇದೆ. ಅವರು ಆಯಿಲನ್ನು ಬರೀ ಹಾಕೋದಿಲ್ಲ, ತೆಗೆದು ಪರೀಕ್ಷೆ ಮಾಡುತ್ತಾರೆ. ಒಂದು ಓಟ ಮುಗಿದ ಮೇಲೆ ಇಂಜಿನ್ ಒಳಗೆ ಏನಾಯ್ತು ಅಂತ ಬಿಚ್ಚದೇ ತಿಳಿಯೋಕೆ ಅವರಿಗೆ ಅದು ಸುಲಭದ ದಾರಿ. ನಮಗೂ ಅಷ್ಟೇ. ಬಾಡಿಗೆ ಉಳುಮೆ ಮಾಡಿ ಕಂತು ಕಟ್ಟುವವನ ಟ್ರಾಕ್ಟರ್ ಜೂನ್ ತಿಂಗಳಲ್ಲಿ ಇಂಜಿನ್ ಬಿಚ್ಚಿಕೊಂಡು ಕೂತರೆ, ಲೈನರ್-ಪಿಸ್ಟನ್ ಕಿಟ್, ಬೇರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಖರ್ಚು ಒಂದು ಕಡೆ. ಲೇತ್ ಅಂಗಡಿಯಲ್ಲಿ ಸರದಿ ಕಾಯುತ್ತಾ ಬಿತ್ತನೆ ಕಾಲವೇ ಕೈತಪ್ಪೋದು ಇನ್ನೊಂದು ಕಡೆ. ಎರಡನೆಯದೇ ದೊಡ್ಡ ಪೆಟ್ಟು.

ಡಬ್ಬದ ಮೇಲಿನ ಬರಹ

ಅಂಗಡಿಗೆ ಹೋದ್ರೆ "ಡೀಸೆಲ್ ಆಯಿಲ್ ಕೊಡಿ" ಅನ್ನಬೇಡಿ. ಡಬ್ಬದ ಮೇಲೆ ಎರಡು ವಿಷಯ ಓದಬೇಕು. ಮೊದಲನೆಯದು ಎಸ್‌ಎಇ ನಂಬರ್: 15ಡಬ್ಲ್ಯು-40, 20ಡಬ್ಲ್ಯು-40, ಹೀಗೆ. ಡಬ್ಲ್ಯು ಅಂದ್ರೆ ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದನ್ನು ಹೇಳುತ್ತದೆ, ಅಂಕಿ ಕಡಿಮೆಯಾದಷ್ಟೂ ಸಲೀಸು. ಕೊನೆಯ 40 ಅಂದ್ರೆ ಇಂಜಿನ್ ಕಾದಾಗಿನ ದಪ್ಪ. ಲೆಕ್ಕದಲ್ಲಿ ಹೇಳೋದಾದ್ರೆ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ನೇ ನಂಬರಿನ ಆಯಿಲ್‌ನ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ ಒಳಗೆ ಇರಬೇಕು. 30ನೇ ನಂಬರ್ ಆದರೆ 9.3ರಿಂದ 12.5.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬಹಳ ಕಡೆ ಇದೆ. "20-40 ದಪ್ಪ ಇರತ್ತೆ, ಹಳೇ ಇಂಜಿನ್‌ಗೆ ಅದೇ ಒಳ್ಳೇದು" ಅಂತಾರೆ. ಕಾದ ಮೇಲೆ ಎರಡೂ ಒಂದೇ 40. ವ್ಯತ್ಯಾಸ ಇರೋದು ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರ. ಆಗ 15ಡಬ್ಲ್ಯು ಸ್ವಲ್ಪ ಬೇಗ ಮೇಲಿನ ರಾಕರ್‌ವರೆಗೂ ತಲುಪುತ್ತದೆ. ನಮ್ಮ ಕಡೆ ಚಳಿ ಅಷ್ಟಿಲ್ಲ, ಆದ್ದರಿಂದ ಮ್ಯಾನ್ಯುಯಲ್‌ನಲ್ಲಿ 20ಡಬ್ಲ್ಯು-40 ಅಂತ ಬರೆದಿದ್ದರೆ ಅದರಿಂದ ತೊಂದರೆ ಇಲ್ಲ. ಎರಡಕ್ಕೂ ಅವಕಾಶ ಇದ್ದರೆ ನಾನಂತೂ 15ಡಬ್ಲ್ಯು-40 ತಗೊಳ್ಳಿ ಅಂತೀನಿ.

ಎರಡನೆಯದು ಎಪಿಐ ದರ್ಜೆ. ಇದನ್ನು ಯಾರೂ ನೋಡಲ್ಲ, ಆದರೆ ನನ್ನ ಲೆಕ್ಕದಲ್ಲಿ ಇದೇ ಮುಖ್ಯ. 'ಸಿ' ಅಕ್ಷರದಿಂದ ಶುರುವಾದರೆ ಡೀಸೆಲ್ ಇಂಜಿನ್‌ಗೆ, 'ಎಸ್' ಅಕ್ಷರದಿಂದ ಶುರುವಾದರೆ ಪೆಟ್ರೋಲ್‌ಗೆ. ಡೀಸೆಲ್‌ನಲ್ಲಿ ಸಿಎಫ್-4 ಬಂದದ್ದು 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಜೆ-4 2006ರಲ್ಲಿ, ಸಿಕೆ-4 2016ರ ಕೊನೆಯಲ್ಲಿ. ಅಕ್ಷರ ಮುಂದೆ ಹೋದಂತೆ ಮಸಿ ಹಿಡಿದಿಡುವ ಶಕ್ತಿ, ಸವೆತ ತಡೆಯುವ ಶಕ್ತಿ ಹೆಚ್ಚುತ್ತದೆ. ಹಳೇ ದರ್ಜೆ ಕೇಳುವ ಇಂಜಿನ್‌ಗೆ ಹೊಸ ದರ್ಜೆಯದ್ದು ಹಾಕಬಹುದು, ಉಲ್ಟಾ ಹಾಕಬಾರದು. ಸಿಎಚ್-4 ಕೇಳುವ ಟ್ರಾಕ್ಟರ್‌ಗೆ ಸಿಐ-4 ಸರಿ, ಸಿಎಫ್-4 ಬೇಡ. ಅಗ್ಗದ ಡಬ್ಬಗಳಲ್ಲಿ ಮುಂಭಾಗದಲ್ಲಿ ದೊಡ್ಡದಾಗಿ ಗೂಳಿಯ ಚಿತ್ರ ಇರುತ್ತದೆ, ಎಪಿಐ ಅಕ್ಷರ ಹಿಂದೆ ಇರುವೆ ಸಾಲಿನಂತೆ ಇರುತ್ತದೆ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಓದಿ.

ಹೊಸ ಟ್ರಾಕ್ಟರ್ ತಗೊಂಡವರಿಗೆ ಒಂದು ಮಾತು. 50 ಎಚ್‌ಪಿಗಿಂತ ಮೇಲಿನ ಟ್ರಾಕ್ಟರ್‌ಗಳಿಗೆ 2023ರ ಜನವರಿಯಿಂದ ಟ್ರೆಮ್-4 ಹೊಗೆ ನಿಯಮ ಬಂದಿದೆ. ಇವುಗಳಲ್ಲಿ ಕೆಲವು ಮಾದರಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಮಸಿಯಾದರೆ ಆ ಫಿಲ್ಟರ್ ಒಳಗೇ ಸುಟ್ಟುಹೋಗುತ್ತದೆ, ಆದರೆ ಆಯಿಲ್ ಉರಿದು ಉಳಿಯುವ ಬೂದಿ ಸುಡಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಅಂಥ ಗಾಡಿಗೆ ಬೂದಿ ಕಡಿಮೆ ಇರುವ ಸಿಜೆ-4 ಅಥವಾ ಸಿಕೆ-4 ಅಂತ ಕಂಪನಿ ಕೇಳಿದ್ದರೆ ಅದನ್ನೇ ಹಾಕಬೇಕು. ಅಪ್ಪನ ಹಳೇ ಟ್ರಾಕ್ಟರ್‌ಗೆ ತಂದ ಬಕೆಟ್‌ನಲ್ಲಿ ಉಳಿದದ್ದನ್ನು ಹೊಸದಕ್ಕೆ ಸುರಿಯೋದು ಬೇಡ.

ಸಿಂಥೆಟಿಕ್ ಬೇಕಾ? ಹಣ ಇದ್ದರೆ ಹಾಕಿ, ಕೆಡುಕಿಲ್ಲ. ಆದರೆ ಏರ್ ಫಿಲ್ಟರ್ ಪೈಪಿನ ಕ್ಲಿಪ್ ಸಡಿಲ ಇಟ್ಟುಕೊಂಡು ಸಿಂಥೆಟಿಕ್ ಹಾಕಿದರೆ ದುಬಾರಿ ಆಯಿಲ್‌ನಲ್ಲಿ ಮಣ್ಣು ಕಲಸಿದಂತೆ. ಇಂಜಿನ್ ಆಯಿಲನ್ನು ಗೇರ್ ಬಾಕ್ಸ್, ಹೈಡ್ರಾಲಿಕ್‌ಗೂ ಹಾಕುವವರಿದ್ದಾರೆ. ಆಯಿಲ್‌ನಲ್ಲಿ ಮುಳುಗಿರುವ ಬ್ರೇಕ್ ಇರುವ ಗಾಡಿಗೆ ಅದಕ್ಕೆಂದೇ ಬೇರೆ ಟ್ರಾನ್ಸ್‌ಮಿಷನ್ ಆಯಿಲ್ ಇದೆ, ಅದೇ ಬೇಕು. ಹುಲ್ಲು ಕತ್ತರಿಸುವ ಟೂ-ಸ್ಟ್ರೋಕ್ ಮೆಷಿನ್‌ಗೂ ಇದ್ಯಾವುದೂ ಆಗಲ್ಲ. ಅದಕ್ಕೆ ಟೂ-ಟಿ ಆಯಿಲ್, 50ಕ್ಕೆ 1 ಅಂದ್ರೆ ಲೀಟರ್ ಪೆಟ್ರೋಲ್‌ಗೆ 20 ಮಿಲಿ, 25ಕ್ಕೆ 1 ಅಂದ್ರೆ 40 ಮಿಲಿ. ಯಾವುದು ಅಂತ ಮೆಷಿನ್ ಮೇಲೆಯೇ ಬರೆದಿರುತ್ತದೆ.

ನಕಲಿ ಆಯಿಲ್ ವಿಷಯ. ಒಳ್ಳೆ ಕಂಪನಿಯ ಖಾಲಿ ಡಬ್ಬಕ್ಕೆ ಸೋಸಿದ ಹಳೇ ಆಯಿಲ್ ತುಂಬಿ ಮಾರುವ ದಂಧೆ ನಡೆಯುತ್ತದೆ. ಮುಚ್ಚಳದ ಸೀಲ್, ಬ್ಯಾಚ್ ನಂಬರ್, ತಯಾರಿಕೆ ತಿಂಗಳು ನೋಡಿ, ಬಿಲ್ ಕೇಳಿ. ಬಿಲ್ ಇಲ್ಲದೆ ನೂರಿನ್ನೂರು ಕಮ್ಮಿ ಮಾಡಿಕೊಡ್ತೀನಿ ಅಂದ್ರೆ ಆ ಅಂಗಡಿ ಬಿಡಿ. ಖಾಲಿ ಡಬ್ಬವನ್ನು ಗುಜರಿಗೆ ಹಾಕುವ ಮುಂಚೆ ಒಂದು ಮೊಳೆ ಹೊಡೆದು ತೂತು ಮಾಡಿ. ನಿಮ್ಮ ಡಬ್ಬ ಇನ್ನೊಬ್ಬ ರೈತನಿಗೆ ನಕಲಿಯಾಗಿ ವಾಪಸ್ ಹೋಗಲ್ಲ.

ಕಪ್ಪಾಯ್ತು ಅಂತ ಗಾಬರಿ ಬೇಡ

ಹೊಸ ಆಯಿಲ್ ಹಾಕಿ ಎರಡೇ ದಿನಕ್ಕೆ ಕಪ್ಪಾಯ್ತು, ಡೂಪ್ಲಿಕೇಟ್ ಇರಬೇಕು ಅಂತ ಫೋಟೋ ಕಳಿಸುತ್ತಾರೆ. ಡೀಸೆಲ್ ಇಂಜಿನ್‌ನಲ್ಲಿ ಆಯಿಲ್ ಬೇಗ ಕಪ್ಪಾಗಲೇಬೇಕು. ಗೋಡೆಗೆ ಅಂಟಿದ್ದ ಮಸಿಯನ್ನು ಕಿತ್ತು ತನ್ನೊಳಗೆ ತೇಲಿಸಿಕೊಂಡಿದೆ ಅಂತ ಅರ್ಥ. ಬಣ್ಣ ನೋಡಿ ಆಯಿಲ್ ಚೆನ್ನಾಗಿದೆಯಾ ಕೆಟ್ಟಿದೆಯಾ ಅಂತ ಹೇಳೋಕೆ ಯಾವ ಮೇಸ್ತ್ರಿಗೂ ಆಗಲ್ಲ, ಹಾಲಿನಂತೆ ಬೆಳ್ಳಗಾಗಿದ್ದರೆ ಮಾತ್ರ ಹೇಳಬಹುದು. ಬೆರಳಲ್ಲಿ ಉಜ್ಜಿ "ಶಕ್ತಿ ಹೋಗಿದೆ" ಅನ್ನೋದೂ ಅಷ್ಟೇ. ಉಜ್ಜಿದಾಗ ಮರಳಿನಂತೆ ಚುರುಚುರು ಅಂದರೆ ಅದು ನಿಜವಾದ ಕೆಟ್ಟ ಸುದ್ದಿ, ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಹಾಗಾದ್ರೆ ಮನೆಯಲ್ಲಿ ಏನು ಮಾಡಬಹುದು? ನನಗೆ ತುಂಬಾ ಇಷ್ಟವಾದದ್ದು ಕಾಗದದ ಪರೀಕ್ಷೆ. ಸಾವಯವ ಕೃಷಿ ತರಬೇತಿಗಳಲ್ಲಿ ಮಣ್ಣಿನ ಕ್ರೊಮಟೋಗ್ರಫಿ ಅಂತ ದುಂಡು ಕಾಗದದ ಮೇಲೆ ಬಣ್ಣದ ಉಂಗುರ ಬರಿಸೋದನ್ನು ನೀವು ನೋಡಿರಬಹುದು. ಇದೂ ಅದರ ಅಣ್ಣತಮ್ಮನೇ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ವಾಟ್‌ಮನ್ ನಂಬರ್ 1 ಫಿಲ್ಟರ್ ಪೇಪರ್ ತನ್ನಿ. (ನಮ್ಮ ಮನೆಗಳ ಕಾಫಿ ಫಿಲ್ಟರ್ ಸ್ಟೀಲಿನದ್ದು, ಅದು ಬರಲ್ಲ. ನ್ಯೂಸ್ ಪೇಪರೂ ಬೇಡ.)

ಇಂಜಿನ್ ಅರ್ಧ ಗಂಟೆ ಕೆಲಸ ಮಾಡಿ ಚೆನ್ನಾಗಿ ಬಿಸಿಯಾಗಿರಬೇಕು. ನಿಲ್ಲಿಸಿ, ಡಿಪ್‌ಸ್ಟಿಕ್ ಎಳೆದು, ಅದರ ತುದಿಯಿಂದ ಒಂದೇ ಒಂದು ಹನಿ ಕಾಗದದ ನಡುವೆ ಬೀಳಿಸಿ. ಹನಿ ಬಿದ್ದ ಜಾಗ ಕೆಳಗೆ ಯಾವುದಕ್ಕೂ ತಾಗಬಾರದು, ಅದಕ್ಕೆ ಕಾಗದವನ್ನು ಲೋಟದ ಬಾಯಿ ಮೇಲೆ ಮಟ್ಟಸವಾಗಿ ಇಡಿ. ಧೂಳು, ಗಾಳಿ ಇಲ್ಲದ ಕಡೆ ಒಂದು ದಿನ ಬಿಡಿ.

ಒಳ್ಳೆ ಸ್ಥಿತಿಯ ಆಯಿಲ್ ಆದರೆ ನಡುವಿನಿಂದ ಹೊರಗೆ ಬೂದು-ಕಪ್ಪು ಬಣ್ಣ ಒಂದೇ ಸಮನೆ ತೆಳುವಾಗುತ್ತಾ ಹರಡಿರುತ್ತದೆ, ಗಡಿ ಎಲ್ಲಿ ಅಂತ ಗುರುತಿಸೋದು ಕಷ್ಟ. ಎಷ್ಟೇ ಕಪ್ಪಿರಲಿ, ಹೀಗೆ ಹರಡಿದ್ದರೆ ಮಸಿ ಇನ್ನೂ ಬಿಡಿಬಿಡಿಯಾಗಿ ತೇಲುತ್ತಿದೆ. ನಡುವೆ ಕಾಡಿಗೆ ಬೊಟ್ಟಿನಂತೆ ಗಟ್ಟಿ ಕಪ್ಪು, ಅದರ ಅಂಚು ಕತ್ತರಿಸಿದಂತೆ ಚೂಪು, ಹೊರಗೆ ಬರೀ ಎಣ್ಣೆಯ ಕಲೆ ಅಂತಾದರೆ ಆಯಿಲ್ ಸೋತಿದೆ. ಮಸಿ ಗಂಟು ಕಟ್ಟಿದೆ, ಮುಂದೆ ಅದು ಚೇಂಬರ್ ತಳದಲ್ಲಿ ಕೆಸರಾಗುತ್ತದೆ. ಗಂಟೆ ಲೆಕ್ಕ ಬಾಕಿ ಇದ್ದರೂ ಬದಲಾಯಿಸಿ. ತೀರಾ ಹೊರಗೆ ತೆಳು ಬಣ್ಣದ ಅಗಲ ಉಂಗುರ ಒಂದು ಬೇರೆಯಾಗಿ ಕಂಡರೆ ಡೀಸೆಲ್ ಸೇರಿರುವ ಅನುಮಾನ. ಅಂಚು ಗರಗಸದಂತೆ ಮುರುಕು ಮುರುಕಾಗಿದ್ದರೆ ನೀರಿನ ಅನುಮಾನ.

ಒಂದು ಸಲ ಮಾಡಿದರೆ ಇದರಿಂದ ಹೆಚ್ಚೇನೂ ತಿಳಿಯಲ್ಲ. ಹೊಸ ಆಯಿಲ್ ಹಾಕಿದ ದಿನ ಒಂದು, ಆಮೇಲೆ ಪ್ರತಿ 50 ಗಂಟೆಗೆ ಒಂದು ಹನಿ ಹಾಕಿ. ಕಾಗದದ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ತಾರೀಕು, ಗಂಟೆ ಮೀಟರ್ ಬರೆದು, ಬಿಸಿಲಲ್ಲಿ ಅಲ್ಲ, ನೆರಳಿನ ಬೆಳಕಲ್ಲಿ ಫೋಟೋ ತೆಗೆದು ಒಂದೇ ಆಲ್ಬಂನಲ್ಲಿ ಇಡಿ. ನಾಲ್ಕನೇ ಫೋಟೋ ಹೊತ್ತಿಗೆ ನಿಮ್ಮ ಇಂಜಿನ್‌ನ ಸ್ವಭಾವ ಕಣ್ಣಿಗೆ ಕಾಣತೊಡಗುತ್ತದೆ. ಅಂದ ಹಾಗೆ, ಹಳೇ ಟ್ರಾಕ್ಟರ್‌ಗಳ ಕೇಬಲ್ ಮೀಟರ್ ಇಂಜಿನ್ ಸುತ್ತನ್ನು ಎಣಿಸಿ ಗಂಟೆ ತೋರಿಸೋದು. ಕಡಿಮೆ ಸುತ್ತಿನಲ್ಲಿ ಓಡಿದರೆ ಗಡಿಯಾರದ ಒಂದು ಗಂಟೆ ಮೀಟರ್‌ನಲ್ಲಿ ಪೂರ್ತಿ ಗಂಟೆಯಾಗಿ ಬರಲ್ಲ. ಮೀಟರ್ ಕೆಟ್ಟಿದ್ದರೆ ಡೀಸೆಲ್ ಲೆಕ್ಕವನ್ನಾದರೂ ಬರೆದಿಡಿ.

ನೀರು, ಡೀಸೆಲ್, ಧೂಳು

ಗದ್ದೆ ಕಡೆಯವರಿಗೆ, ಟಿಲ್ಲರ್ ಇಟ್ಟವರಿಗೆ ನೀರಿನದ್ದೇ ಚಿಂತೆ. ಕೆಸರು ಹೊಡೆಯುವಾಗ ಇಂಜಿನ್ ನೀರಿನ ಹತ್ತಿರವೇ ಇರುತ್ತದೆ. ಆಯಿಲ್ ಮುಚ್ಚಳದ ವಾಷರ್ ಹಳತಾಗಿದ್ದರೆ, ಅಥವಾ ಸಂಜೆ ಪ್ರೆಶರ್ ಪಂಪಿನಲ್ಲಿ ತೊಳೆಯುವಾಗ, ಒಳಗೆ ನೀರು ಹೋಗುತ್ತದೆ. ಅನುಮಾನ ಇದ್ದರೆ ರಾತ್ರಿಯಿಡೀ ಸುಮ್ಮನೆ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೆಳಗೆ ಬಟ್ಟಲು ಇಟ್ಟು ಡ್ರೈನ್ ಬೋಲ್ಟನ್ನು ಹನಿ ಬರುವಷ್ಟೇ ಸಡಿಲಿಸಿ. ನೀರು ಭಾರ, ತಳದಲ್ಲಿ ಕೂತಿರುತ್ತದೆ, ಮೊದಲು ಅದೇ ಬರುತ್ತದೆ. ಕಲಸಿ ಮಜ್ಜಿಗೆಯಂತಾಗಿದ್ದರೆ ಹೀಗೆ ಬೇರೆಯಾಗಲ್ಲ, ಆಗ ಕಣ್ಣಿಗೇ ಗೊತ್ತಾಗತ್ತೆ.

ಇನ್ನೊಂದು ಉಪಾಯ ಕಾದ ತಗಡು. ಸಣ್ಣ ಸ್ಟೀಲ್ ಮುಚ್ಚಳವನ್ನು ಒಲೆ ಮೇಲೆ ಚೆನ್ನಾಗಿ ಕಾಯಿಸಿ, ಹೊಗೆ ಬರುವಷ್ಟು ಬೇಡ, ಕೆಳಗಿಳಿಸಿ ಒಂದು ಹನಿ ಆಯಿಲ್ ಬಿಡಿ. ನೀರಿದ್ದರೆ ಒಗ್ಗರಣೆಗೆ ಹಸಿ ಕರಿಬೇವು ಬಿದ್ದಂತೆ ಚಟಪಟ ಅನ್ನುತ್ತದೆ. ಇಲ್ಲದಿದ್ದರೆ ಸುಮ್ಮನೆ ಹರಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಒಂದು ಹನಿಗಿಂತ ಜಾಸ್ತಿ ಬೇಡ, ಪೆಟ್ರೋಲ್-ಡೀಸೆಲ್ ಕ್ಯಾನ್ ಹತ್ತಿರ ಇರಬಾರದು. ಡೀಸೆಲ್ ವಾಸನೆ ಹೊಡೆಯುವ ಆಯಿಲ್ ಆದರೆ ಈ ಪರೀಕ್ಷೆಯನ್ನೇ ಮಾಡಬೇಡಿ.

ನೀರು ಹೊರಗಿನಿಂದ ಬರದಿದ್ದರೆ ರೇಡಿಯೇಟರ್‌ನಿಂದ ಬಂದಿದೆ: ಹೆಡ್ ಗ್ಯಾಸ್ಕೆಟ್ ಅಥವಾ ಲೈನರ್ ಕೆಳಗಿನ ರಬ್ಬರ್ ರಿಂಗ್. ಆಯಿಲ್ ಮಟ್ಟ ಏರುತ್ತಿದ್ದು ರೇಡಿಯೇಟರ್ ಇಳಿಯುತ್ತಿದ್ದರೆ ಇಂಜಿನ್ ಓಡಿಸಬೇಡಿ. ಬೇರಿಂಗ್ ಒಂದು ದಿನವೂ ತಡೆಯಲಾರದು.

ಆಯಿಲ್ ಮಟ್ಟ ಏರುತ್ತಿದೆ, ರೇಡಿಯೇಟರ್ ಸರಿಯಿದೆ ಅಂದರೆ ಡೀಸೆಲ್ ಸೇರುತ್ತಿದೆ. ಇಂಜೆಕ್ಟರ್ ಸೋರಿಕೆಯೋ, ಫೀಡ್ ಪಂಪಿನ ಡಯಾಫ್ರಾಮ್ ಹರಿದಿದೆಯೋ ನೋಡಿಸಿ. "ನಮ್ಮ ಗಾಡಿ ಆಯಿಲೇ ಕುಡಿಯಲ್ಲ" ಅಂತ ಹೆಮ್ಮೆ ಪಡುವವರ ಗಾಡಿಗಳನ್ನು ನಾನು ಮೊದಲು ಮೂಸಿ ನೋಡೋದು ಇದಕ್ಕೇ. ಕುಡಿದಷ್ಟನ್ನು ಡೀಸೆಲ್ ತುಂಬಿಕೊಡುತ್ತಿರಬಹುದು. ತೆಳುವಾಗಿದೆಯಾ ಅಂತ ನೋಡಲು ಒಂದೇ ಥರದ ಎರಡು ಸಣ್ಣ ಗಾಜಿನ ಸೀಸೆ ತಗೊಳ್ಳಿ. ಒಂದಕ್ಕೆ ಅದೇ ಬ್ರ್ಯಾಂಡಿನ ಹೊಸ ಆಯಿಲ್, ಇನ್ನೊಂದಕ್ಕೆ ಹಳತು, ಎರಡರಲ್ಲೂ ಸಮನಾಗಿ ಸ್ವಲ್ಪ ಗಾಳಿ ಬಿಟ್ಟು ಮುಚ್ಚಿ. ಒಂದೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಎರಡರ ಬಿಸಿ ಒಂದೇ ಆಗುತ್ತದೆ. ಒಟ್ಟಿಗೆ ತಲೆಕೆಳಗೆ ಮಾಡಿ, ಗಾಳಿ ಗುಳ್ಳೆ ಮೇಲೇರುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಆಯಿಲ್ ತೀರಾ ಕಪ್ಪಿದ್ದರೆ ಗುಳ್ಳೆ ಕಾಣಲು ಹಿಂದೆ ಟಾರ್ಚ್ ಬೇಕು. ಹಳತರಲ್ಲಿ ಗುಳ್ಳೆ ಎದ್ದುಕಾಣುವಷ್ಟು ಬೇಗ ಏರಿದರೆ ಡೀಸೆಲ್ ಇದೆ. ತುಂಬಾ ನಿಧಾನವಾದರೆ ಮಸಿ ತುಂಬಿ ಅಥವಾ ವಿಪರೀತ ಕಾದು ಗಟ್ಟಿಯಾಗಿದೆ.

ಧೂಳು ಮಾತ್ರ ಮನೆ ಪರೀಕ್ಷೆಗೆ ಸಿಗಲ್ಲ, ಆದರೆ ಇಂಜಿನ್ ತಿನ್ನುವುದರಲ್ಲಿ ಅದೇ ಮುಂದು. ಒಣ ಮಣ್ಣಲ್ಲಿ ರೋಟಾವೇಟರ್ ಹೊಡೆಯುವ ದಿನಗಳಲ್ಲಿ ಆಯಿಲ್ ಬಾತ್ ಏರ್ ಕ್ಲೀನರ್‌ನ ಬಟ್ಟಲನ್ನು ದಿನಾ ಬಿಚ್ಚಿ ನೋಡಬೇಕು. ಆ ಪೈಪಿನ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಫಿಲ್ಟರ್ ದಾಟಿದ ಮೇಲಿನ ಭಾಗದಲ್ಲಿ ಬಟ್ಟೆಗೆ ಮಣ್ಣು ಹತ್ತಿದರೆ ಎಲ್ಲೋ ಕ್ಲಿಪ್ ಸಡಿಲ ಇದೆ, ಇಲ್ಲಾ ರಬ್ಬರ್ ಒಡೆದಿದೆ.

ಲ್ಯಾಬ್‌ಗೆ ಕಳಿಸೋದು

ವರ್ಷಕ್ಕೆ ಹಲವು ನೂರು ಗಂಟೆ ಬಾಡಿಗೆ ಹೊಡೆಯುವವರು, ಕೊಯ್ಲು ಯಂತ್ರ ಇಟ್ಟವರು ಒಂದು ಸಲವಾದರೂ ಇದನ್ನು ಮಾಡಿಸಬೇಕು. ಎನ್‌ಎಬಿಎಲ್ ವೆಬ್‌ಸೈಟ್‌ನಲ್ಲಿ ಲೂಬ್ರಿಕೆಂಟ್ ಪರೀಕ್ಷೆ ಮಾಡುವ ಲ್ಯಾಬ್‌ಗಳನ್ನು ಹುಡುಕಬಹುದು. ಮೊದಲು ಫೋನ್ ಮಾಡಿ ದರ ಕೇಳಿ, "ಬಳಸಿದ ಇಂಜಿನ್ ಆಯಿಲ್, ಲೋಹದ ಅಂಶ, ಸ್ನಿಗ್ಧತೆ, ನೀರು, ಟಿಬಿಎನ್" ಅಂತ ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಮಾದರಿ ತೆಗೆಯೋದು ಮಣ್ಣು ಪರೀಕ್ಷೆಯಷ್ಟೇ ಜಾಗ್ರತೆಯ ಕೆಲಸ. ಬಿಸಿ ಇಂಜಿನ್‌ನಿಂದ ಆಯಿಲ್ ಇಳಿಸುವಾಗ ಮೊದಲ ಧಾರೆ ಬಿಟ್ಟು, ನಡುವಿನ ಧಾರೆಯನ್ನು ಒಣಗಿದ ಹೊಸ ಬಾಟಲಿಗೆ ಹಿಡಿಯಿರಿ. ಕೈ ಸುಟ್ಟೀತು, ಗ್ಲೌಸ್ ಇರಲಿ.

ವರದಿಯಲ್ಲಿ ಲೋಹಗಳು ಪಿಪಿಎಂನಲ್ಲಿ ಬರುತ್ತವೆ. ಕಬ್ಬಿಣ ಅಂದರೆ ಲೈನರ್, ಕ್ರ್ಯಾಂಕ್, ಗೇರ್ ಸವೆತ. ಸೀಸ, ತಾಮ್ರ ಅಂದರೆ ಬೇರಿಂಗ್ ಕಡೆ ನೋಡಿ. ಅಲ್ಯೂಮಿನಿಯಂ ಒಂದೇ ಏರಿದರೆ ಪಿಸ್ಟನ್. ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಜೊತೆಯಾಗಿ ಏರಿದ್ದರೆ ಹೊಲದ ಮಣ್ಣೇ ಒಳಗೆ ಹೋಗಿದೆ. ಹೊಸದಾಗಿ ಬಿಚ್ಚಿ ಕೂಡಿಸಿದ ಇಂಜಿನ್‌ನಲ್ಲಿ ಗ್ಯಾಸ್ಕೆಟ್ ಪೇಸ್ಟ್‌ನಿಂದಲೂ ಸಿಲಿಕಾನ್ ಬರುತ್ತದೆ, ಅದಕ್ಕೆ ಹೆದರಬೇಡಿ. ಟಿಬಿಎನ್ ಅನ್ನೋದು ಆಮ್ಲವನ್ನು ತಡೆಯಲು ಉಳಿದಿರುವ ಶಕ್ತಿ. ಹೊಸ ಆಯಿಲ್‌ನಲ್ಲಿ ಇದ್ದುದರ ಅರ್ಧಕ್ಕೆ ಇಳಿದರೆ ಬದಲಾಯಿಸುವ ಹೊತ್ತು ಅಂತ ಸಾಮಾನ್ಯ ಲೆಕ್ಕ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂಗೆ ಇಳಿದಿರೋದರಿಂದ ಈ ಕಾಟ ಮೊದಲಿಗಿಂತ ಕಡಿಮೆ.

ಅಂಕಿಯನ್ನು ಗಂಟೆಯಿಂದ ಭಾಗಿಸಿ ನೋಡಿ. ಲೆಕ್ಕಕ್ಕೆ ಹೇಳೋದಾದರೆ, ಹೋದ ಸಲ 200 ಗಂಟೆಗೆ ಕಬ್ಬಿಣ 40 ಇತ್ತು, ಅಂದರೆ ಗಂಟೆಗೆ 0.20. ಈ ಸಲ 250 ಗಂಟೆಗೆ 75 ಬಂದರೆ ಗಂಟೆಗೆ 0.30. ಗಂಟೆ ಜಾಸ್ತಿ ಓಡಿದ್ದಕ್ಕೆ ಮಾತ್ರ ಏರಿದ್ದಲ್ಲ, ಸವೆತವೇ ಒಂದೂವರೆ ಪಟ್ಟಾಗಿದೆ. ಜೊತೆಗೆ ಸಿಲಿಕಾನೂ ಏರಿದ್ದರೆ ಏರ್ ಕ್ಲೀನರ್ ಸರಿಪಡಿಸಿದರೆ ಇಂಜಿನ್ ಉಳಿಯುತ್ತದೆ. ಸಾವಿರದ ಲೆಕ್ಕದಲ್ಲಿ ಮುಗಿಯುವ ಕೆಲಸ ಲಕ್ಷಕ್ಕೆ ಹೋಗದಂತೆ ತಡೆಯಲು ಈ ಕಾಗದ ಬೇಕು.

ಸೆಕೆಂಡ್ ಹ್ಯಾಂಡ್ ಟ್ರಾಕ್ಟರ್ ನೋಡಲು ಹೋಗುವವರಿಗೂ ಇದೇ ಕಣ್ಣು ಬೇಕು. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಜೇನಿನಂತೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ, ನಿನ್ನೆ ಬದಲಾಯಿಸಿದ್ದಾರೆ, ಸಾಕ್ಷಿ ಹೋಗಿದೆ. ಕಪ್ಪು ಆಯಿಲ್ ಇರುವ ಗಾಡಿಯಲ್ಲಾದರೂ ಓದೋಕೆ ಏನಾದರೂ ಇರತ್ತೆ. ಮುಚ್ಚಳದ ಒಳಗೆ ಬೆಣ್ಣೆಯಂಥದ್ದು ಕಟ್ಟಿದೆಯಾ, ಇಂಜಿನ್ ಓಡುವಾಗ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಬರುತ್ತದಾ ನೋಡಿ. ಆಗೋದಾದರೆ ಒಂದು ಹನಿ ಕಾಗದದ ಮೇಲೆ ತಗೊಂಡು ಬನ್ನಿ, ವ್ಯಾಪಾರ ನಾಳೆ ಮಾತಾಡೋಣ ಅಂತ ಹೇಳಿ.

ಇಳಿಸಿದ ಹಳೇ ಆಯಿಲ್ ಬಗ್ಗೆ. ಗೆದ್ದಲಿಗೆ ಅಂತ ಬೇಲಿ ಕಂಬದ ಬುಡಕ್ಕೆ, ಅಡಿಕೆ-ತೆಂಗಿನ ಬುಡಕ್ಕೆ ಸುರಿಯುವ ರೂಢಿ ಇನ್ನೂ ಇದೆ. ಮೇಲೆ ಹೇಳಿದ ಸೀಸ, ತಾಮ್ರ, ಅರೆಸುಟ್ಟ ಮಸಿ ಎಲ್ಲಾ ಅದರೊಳಗೇ ಇದೆ. ಮಣ್ಣಲ್ಲಿ ಲೋಹ ಕರಗಿ ಹೋಗಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ಮುಚ್ಚಳ ಇರುವ ಕ್ಯಾನಿನಲ್ಲಿ, ನೀರು-ಡೀಸೆಲ್ ಬೆರೆಸದೆ ಕೂಡಿಡಿ. ನಿಮ್ಮ ತಾಲ್ಲೂಕಿನ ಸರ್ವಿಸ್ ಸೆಂಟರ್‌ಗೆ ಪರವಾನಗಿ ಇರುವ ಮರುಶುದ್ಧಿ ಘಟಕದವರು ಬಂದು ಒಯ್ಯುತ್ತಾರಾ ಅಂತ ಕೇಳಿ. ಬರುತ್ತಾರೆ ಅಂದ್ರೆ ನಿಮ್ಮ ಕ್ಯಾನನ್ನೂ ಅಲ್ಲಿಗೇ ಕೊಡಿ.